ಔರಾದಿನಲ್ಲಿ ಮುದುಕರೇ ಇಲ್ಲ

ಸುಭದ್ರಾಬಾಯಿಯ ಬಾಯಿಗೆ ಹೆದರದವರು ಔರಾದಿನಲ್ಲಿ ಇಬ್ಬರೇ ಇದ್ದರು. ಒಬ್ಬ ಹುಟ್ಟುಕಿವುಡ, ಇನ್ನೊಬ್ಬಳು ಸ್ವತಃ ಸುಭದ್ರಾಬಾಯಿ. ಬೆಳಿಗ್ಗೆ ಎದ್ದವಳು ಮುಖ ತೊಳೆಯುವ ಮೊದಲು ನೀರು ತಣ್ಣಗಿದೆಯೆಂದು ಬಾವಿಯನ್ನು ಬೈಯುವಳು, ಆಮೇಲೆ ಬಾವಿ ತೋಡಿಸಿದವನನ್ನು ಬೈಯುವಳು. ಅವನು ಸತ್ತು ನಲವತ್ತು ವರ್ಷವಾಗಿದೆ ಎಂದು ಯಾರಾದರೂ ನೆನಪಿಸಿದರೆ, ಅಷ್ಟು ಬೇಗ ಸತ್ತದ್ದಕ್ಕೂ ಒಂದೆರಡು ಮಾತು ಸೇರಿಸುವಳು. ಹಾಗಂತ ಕೆಟ್ಟ ಹೆಂಗಸೇನಲ್ಲ. ಆಕೆ ಯಾರನ್ನೂ ಬೈಯದೆ ಕೂತ ದಿನ ಅಕ್ಕಪಕ್ಕದವರು ಬಂದು ಮೈಯಲ್ಲಿ ಹುಷಾರಿಲ್ಲವೇ ಎಂದು ಕೇಳಿ ಹೋಗುತ್ತಿದ್ದರು.

ವಯಸ್ಸು ಎಷ್ಟೆಂದು ಆಕೆಗೆ ಗೊತ್ತಿರಲಿಲ್ಲ. ಕೇಳಿದವರಿಗೆ, "ಅರವತ್ತರ ಮ್ಯಾಲ ಎಣಸೋದು ಬಿಟ್ಟೀನಿ. ಎಣಸಿದರ ಯಮಗ ಖಬರ ಹೋಗ್ತದ" ಎನ್ನುತ್ತಿದ್ದಳು.

ಹುಟ್ಟಿದ್ದು ಔರಾದಿನಲ್ಲೇ. ಒಂಬತ್ತನೆಯ ವಯಸ್ಸಿಗೆ ಭಾಲ್ಕಿಗೆ ಕೊಟ್ಟು ಮದುವೆ ಮಾಡಿದರು. ಗಂಡ ಸೊಲ್ಲಾಪುರದ ಗಿರಣಿಗೆ ದುಡಿಯಲು ಹೋದ. ಗಿರಣಿ ಇವತ್ತಿಗೂ ಇದೆ, ಗಂಡನ ಸುದ್ದಿಯಿಲ್ಲ. ನಾಲ್ಕು ವರ್ಷ ಕಾದು, ಕಾದದ್ದು ಸಾಕೆನಿಸಿ, ಸುಭದ್ರಾಬಾಯಿ ಒಂದು ಗಂಟು ಕಟ್ಟಿಕೊಂಡು ಬೀದರಿಗೆ ನಡೆದಳು. ಈಗ ಗಾಂಧಿ ಗಂಜ ಅನ್ನುತ್ತಾರಲ್ಲ, ಆ ಕಾಳಿನ ಪೇಟೆಯಲ್ಲಿ ತೊಗರಿ ಹಸನು ಮಾಡುವ ಹೆಂಗಸರ ಸಾಲಿನಲ್ಲಿ ಹೋಗಿ ಕೂತಳು. ಕೂತವಳು ಮೂವತ್ತು ವರ್ಷ ಏಳಲಿಲ್ಲ. ಮೊರದಲ್ಲಿ ಕಾಳು ಹಾಕಿ ಕೇರುವುದು, ಹರಳು ಆರಿಸಿ ಎಸೆಯುವುದು, ಇಷ್ಟೇ ಕೆಲಸ. ಆದರೆ ಆಕೆಯ ಬೆರಳುಗಳು ಎಂಥವಾದವೆಂದರೆ, ಒಂದು ಮುಷ್ಟಿ ಕಾಳು ಹಿಡಿದು ಇದು ಕರಿ ಹೊಲದ್ದು, ಇದು ಕೆಂಪು ಹೊಲದ್ದು, ಇದನ್ನು ಬೆಳೆದವನು ಸೋಂಬೇರಿ ಎಂದು ಹೇಳಿಬಿಡುತ್ತಿದ್ದಳು. ಅಡತಿ ಅಂಗಡಿಯ ಮಲ್ಲಿಕಾರ್ಜುನಪ್ಪ ದರ ಕಟ್ಟುವ ಮೊದಲು ಆಕೆಯ ಕಡೆಗೊಮ್ಮೆ ನೋಡುತ್ತಿದ್ದ. ಆಕೆ ಮೂಗು ಮುರಿದರೆ ದರ ಇಳಿಯುತ್ತಿತ್ತು.

ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿದ ದಿನ ಗಂಜಿನಲ್ಲಿ ಪೇಢೆ ಹಂಚಿದರು. ಸುಭದ್ರಾಬಾಯಿ ಎರಡು ಸಲ ಕೈ ಒಡ್ಡಿ ಎರಡು ಪೇಢೆ ತಿಂದು, ಹಂಚಲು ಬಂದವನನ್ನು ಕೇಳಿದಳು: "ನಿಜಾಮನ ಕಾಲದಾಗ ತೊಗರ್ಯಾಗ ಹರಳ ಇದ್ದವು. ಹೈದರಾಬಾದ ಸರ್ಕಾರ ಬಂತು, ಆಗನೂ ಇದ್ದವು. ಈ ಮೈಸೂರಿನವರು ಹರಳಿಗೆ ಏನರ ಮಾಡ್ತಾರೇನು?" ಅವನು ಮೂರನೆಯ ಪೇಢೆ ಕೊಟ್ಟು ಮುಂದೆ ಹೋದ.

ಗಂಜಿನ ದುಡಿಮೆಯಲ್ಲಿ ಆಕೆ ಒಂದೇ ಒಂದು ಆಸ್ತಿ ಮಾಡಿದಳು. ಅದರ ಹೆಸರು ಗೋರಖನಾಥ. ತಮ್ಮನ ಮಗ. ತಮ್ಮ ಬೇಗ ಹೋದ ಮೇಲೆ ಹುಡುಗನನ್ನು ಬೀದರಿಗೆ ಕರೆತಂದು, ಊರಂಚಿನ ಮೈಲೂರಿನ ಗುಡಿಸಲಿನಲ್ಲಿ ಇಟ್ಟುಕೊಂಡು, ಬೈದೂ ಬೈದೂ ಮೆಟ್ರಿಕ್ ಪಾಸು ಮಾಡಿಸಿದಳು. ಆ ಗೋರಖನಾಥ ಈಗ ಔರಾದಿನಲ್ಲಿ ಗ್ರಾಮಸೇವಕ. ಬಿಳಿ ಅಂಗಿ, ಸೈಕಲ್ಲು, ಕಿಸೆಯಲ್ಲಿ ಎರಡು ಪೆನ್ನು. ಅತ್ತೆಯೆಂದರೆ ಅವನಿಗೆ ದೇವರ ಸಮಾನ. ಈ ಮಾತನ್ನು ಅವನು ಯಾರೆದುರಾದರೂ ಹೇಳಿದರೆ ಸುಭದ್ರಾಬಾಯಿ, "ದೇವರಿಗೆ ಮೂರು ಹೊತ್ತು ಹಾಕಿದರ ದೇವರೂ ಸುಮ್ನ ಕೂಡ್ತದ" ಎಂದು ಮುಖ ತಿರುಗಿಸುತ್ತಿದ್ದಳು. ಮುಖ ತಿರುಗಿಸುವುದು ಕಣ್ಣು ಒರೆಸಿಕೊಳ್ಳಲಿಕ್ಕೆ. ಅದು ಅವನಿಗೂ ಗೊತ್ತಿತ್ತು.

ಆ ಕಣ್ಣಿನದೇ ಈಗ ಕಥೆ.

ಗಂಜಿನ ಕೊನೆಯ ವರ್ಷ ಆಕೆಗೆ ಲೋಕ ಹಾಲು ಚೆಲ್ಲಿದ ಹಾಗೆ ಕಾಣತೊಡಗಿತು. ಧೂಳು ಬಿದ್ದಿದೆ ಎಂದು ತಿಂಗಳುಗಟ್ಟಲೆ ಧೂಳನ್ನು ಬೈದಳು. ಒಂದು ದಿನ ತಾನು ಹಸನು ಮಾಡಿ ಎದ್ದ ಬುಟ್ಟಿಯನ್ನು ಇನ್ನೊಬ್ಬ ಹೆಂಗಸು ಮತ್ತೆ ಕೇರುತ್ತಿರುವ ಸದ್ದು ಕೇಳಿಸಿತು. ಮಲ್ಲಿಕಾರ್ಜುನಪ್ಪ ಆಕೆಗೆ ನೋವಾಗಬಾರದೆಂದು ಗುಟ್ಟಾಗಿ ಹಾಗೆ ಏರ್ಪಾಡು ಮಾಡಿದ್ದ, ಆರು ತಿಂಗಳಿಂದ. ಪುಣ್ಯಾತ್ಮ! ಸುಭದ್ರಾಬಾಯಿ ಎದ್ದು ನಿಂತು ಅವನ ಮೂರು ತಲೆಮಾರಿಗೆ ಮಂಗಳಾರತಿ ಎತ್ತಿ, ಮೊರವನ್ನು ಅಲ್ಲೇ ಎಸೆದು, ಔರಾದಿನ ಬಸ್ಸು ಹತ್ತಿದಳು. ಬಸ್ಸಿನಲ್ಲಿ ಕೂತ ಮೇಲೆ ಅತ್ತಳು.

ಬಸ್ಸಿಗೆ ಹೋಗುವ ದಾರಿಯಲ್ಲೇ ಬೀದರಿನ ದವಾಖಾನೆಗೆ ಒಬ್ಬಳೇ ಹೋಗಿ ಬಂದಿದ್ದಳು. ನರ್ಸಬಾಯಿ ರೆಪ್ಪೆ ಎತ್ತಿ ನೋಡಿ ಮೋತಿಬಿಂದು, ಕಣ್ಣಿಗೆ ಪೊರೆ ಬಂದಿದೆ ಎಂದಳು. ಆಪರೇಶನ್ ಮಾಡಿದರೆ ಕಣ್ಣು ಬರುತ್ತದೆ, ಬಿಟ್ಟರೆ ಎರಡು ಮೂರು ವರ್ಷದಲ್ಲಿ ಪೂರಾ ಹೋಗುತ್ತದೆ, ಕಣ್ಣಿನ ಡಾಕ್ಟರು ಹೈದರಾಬಾದಿನಲ್ಲಿ, ಖರ್ಚು ಇಷ್ಟು ಎಂದಳು. ಆ ಖರ್ಚು ಕೇಳಿದ ಮೇಲೆ ಸುಭದ್ರಾಬಾಯಿ ಗೋರಖನಾಥನಿಗೆ ತುಟಿ ಬಿಚ್ಚಲಿಲ್ಲ. ಹೇಳಿದರೆ ಅವನು ಮರುದಿನವೇ ಹೆಂಡತಿ ಅಂಜನಾಬಾಯಿಯ ಬೋರಮಾಳ ಮಾರಿಬಿಡುತ್ತಾನೆ. ಇಬ್ಬರು ಮಕ್ಕಳ ತಾಯಿಯ ಕೊರಳು ಬರಿದು ಮಾಡಿ ನಾನು ಏನು ನೋಡಬೇಕಾಗಿದೆ? ಬರಿಗೊರಳನ್ನೇ?

ಹೀಗಾಗಿ ಮನೆಯಲ್ಲಿ ಎಲ್ಲ ಕಾಣುತ್ತದೆಂದೇ ನಟನೆ. ಕೂತು ತಿನ್ನುವ ಪೈಕಿ ಅಲ್ಲವಾದ್ದರಿಂದ, ಮನೆಯ ಜೋಳವನ್ನೆಲ್ಲ ತಾನೇ ಹಸನು ಮಾಡುವೆನೆಂದು ಹಟ ಹಿಡಿದು ಮೊರ ಎತ್ತಿಕೊಂಡಳು. ಮನೆಯ ಜೋಳ ಮುಗಿದರೆ ಓಣಿಯ ಮನೆಗಳಿಗೂ ಹೋಗಿ ಕೂರುವಳು. ಕೂಲಿ ಕೇಳುತ್ತಿರಲಿಲ್ಲ, ಬೈಸಿಕೊಳ್ಳಲು ಒಬ್ಬರಿದ್ದರೆ ಸಾಕು. ಎರಡು ವರ್ಷದಲ್ಲಿ ಔರಾದಿನ ಯಾವ ಮನೆಯಲ್ಲಿ ಎಂಥ ಜೋಳ ತಿನ್ನುತ್ತಾರೆಂಬುದು ಆಕೆಯ ಬೆರಳಿಗೆ ಬಾಯಿಪಾಠವಾಯಿತು.

ಅಷ್ಟರಲ್ಲಿ ಸರ್ಕಾರದಿಂದ ಒಂದು ಹೊಸ ಆರ್ಡರು ಬಂತು. ಆಸರೆಯಿಲ್ಲದ ವೃದ್ಧರನ್ನು ಎಣಿಸಬೇಕು. ಎಣಿಸಿದ ಮೇಲೆ ಅವರಿಗೆ ತಿಂಗಳಿಗಿಷ್ಟು ಹಣ, ವರ್ಷಕ್ಕೊಮ್ಮೆ ಊರಿಗೇ ಡಾಕ್ಟರು, ಮೋತಿಬಿಂದು ಇದ್ದವರಿಗೆ ಪುಕ್ಕಟೆ ಆಪರೇಶನ್ನು. ಯಾವ ಊರಲ್ಲಿ ಎಷ್ಟು ಜನವೋ ಆ ಊರಿಗೆ ಅಷ್ಟು ಹಣ. ಔರಾದಿನ ಎಣಿಕೆ ಗೋರಖನಾಥನ ತಲೆಗೆ ಬಂತು. ಅವನು ರಾತ್ರಿ ಊಟಕ್ಕೆ ಕೂತಾಗ ಇದನ್ನು ಓದಿ ಹೇಳಿದ. ಮೋತಿಬಿಂದು ಎಂದಾಗ ಸುಭದ್ರಾಬಾಯಿ ಹಾಲಿನಲ್ಲಿ ನೆನೆಸಿದ ರೊಟ್ಟಿ ಬಾಯಿಗೆ ಒಯ್ಯುವುದನ್ನು ನಿಲ್ಲಿಸಿದಳು. ಹಲ್ಲು ಹೋಗಿ ಐದು ವರ್ಷವಾಗಿತ್ತು, ನೆನೆಸದೆ ರೊಟ್ಟಿ ಇಳಿಯುತ್ತಿರಲಿಲ್ಲ.

ಮರುದಿನ ಗೋರಖನಾಥ ಫಾರಂ ಬಿಚ್ಚಿ, "ನಮ್ಮ ಮನಿಯಿಂದನ ಶುರು ಮಾಡ್ತೇನಿ" ಎಂದ. "ಆಸರಿಲ್ಲದ ಮುದುಕರು..." ಎಂದು ಓದಿ, ತನಗೆ ತಾನೇ ನಕ್ಕು, ಸೊನ್ನೆ ಸುತ್ತಿದ. "ನಾ ಇರೋತನಕ ನಮ್ಮ ಅತ್ತಿಗಿ ಆಸರಿಲ್ಲಂತ ಯಾವ ಸೂಳೀಮಗ ಬರೀತಾನ?"

ಸುಭದ್ರಾಬಾಯಿ ಏನು ಹೇಳಿಯಾಳು? "ಭೇಷ್! ದುಂಡಗ ಬರಿ" ಎಂದು ನಕ್ಕಳು. ನಕ್ಕ ಮೇಲೆ ಒಳಗೆ ಹೋಗಿ ಗೋಡೆಗೆ ಒರಗಿ ಕೂತಳು.

ಮನೆಯಲ್ಲಿ ಬೇಸರವಾಗಿ ಆಕೆಯೂ ಸೈಕಲ್ಲಿನ ಹಿಂಬದಿ ಹಿಡಿದು ಅವನ ಜೊತೆ ಓಣಿ ಓಣಿ ಸುತ್ತಿದಳು. ಎಣಿಕೆ ನಡೆದ ಬಗೆ ಹೀಗಿತ್ತು. ಗ್ರಾಮಸೇವಕರು ಬಂದರೆಂದು ಮನೆಯವರು ಕಂಬಳಿ ಹಾಸುವರು, ಚಹಾ ತರುವರು. ಚಹಾ ಕುಡಿದು ಗೋರಖನಾಥ ಮನೆಯ ಯಜಮಾನನಿಗೆ ಮರ್ಯಾದೆಯಿಂದ ಕೇಳುವನು: "ನಿಮ್ಮ ಮನ್ಯಾಗ ಆಸರಿಲ್ಲದ ಮುದುಕರು ಯಾರರ ಅದಾರೇನ್ರಿ?" ಮಗನ ಚಹಾ ಕುಡಿದು ಮಗನಿಗೇ ಕೇಳಿದರೆ ಯಾವ ಮಗ ಹೌದೆನ್ನುತ್ತಾನೆ?

ನರಸಿಂಗನ ಮನೆಯಲ್ಲಂತೂ ಜಗಳವೇ ಆಗುವುದರಲ್ಲಿತ್ತು. "ಏನ್ ಮಾತಾಡ್ಲತ್ತೀರಿ ಗ್ರಾಮಸೇವಕರ?" ಎಂದು ನರಸಿಂಗ ಎದ್ದೇ ನಿಂತ. "ನಮ್ಮಪ್ಪಗ ಏನ್ ಕಮ್ಮಿ ಮಾಡೀನಿ? ಏ ಅಪ್ಪಾ, ನೀನ ಹೇಳು, ಏನರ ಕಮ್ಮಿ ಅದೇನು?"

ಮೂಲೆಯಲ್ಲಿ ಕೂತಿದ್ದ ಅವನಪ್ಪ ಪಂಢರಿ, "ಏನೂ ಕಮ್ಮಿ ಇಲ್ಲಪಾ, ಎಲ್ಲಾ ಛಂದ ಅದ" ಎಂದ. ಎಂದವನು ಸೊಂಟದಿಂದ ತಂಬಾಕಿನ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ, ಮತ್ತೆ ಮುಚ್ಚಿದ. ಖಾಲಿ ಡಬ್ಬಿಯ ಸದ್ದು ಸುಭದ್ರಾಬಾಯಿಗೆ ಚೆನ್ನಾಗಿ ಗೊತ್ತು. ಆಕೆ ಎದ್ದು ಹೋಗಿ ಸೈಕಲ್ಲಿನ ಹಿಂಬದಿ ಹಿಡಿದಳು.

ಹೀಗೆ ಮುನ್ನೂರು ಮನೆಯ ಚಹಾ ಕುಡಿದು ಗೋರಖನಾಥ ಬೀದರಿಗೆ ಒಯ್ದ ಕಾಗದದಲ್ಲಿ ಒಂದೇ ಒಂದು ಅಂಕಿಯಿತ್ತು. ಅದು ಸೊನ್ನೆ. ಮೈಸೂರಿನ ಕಡೆಯಿಂದ ಬಂದ ಸಾಹೇಬರು ಅದನ್ನು ನೋಡಿ ಬೆರಗಾದರು. "ಏನ್ರೀ ಇದು, ಭಾಲ್ಕಿಯಲ್ಲಿ ಇನ್ನೂರ ಹನ್ನೆರಡು ಜನ, ನಿಮ್ಮ ಔರಾದ್‌ನಲ್ಲಿ ಒಬ್ಬರೂ ಇಲ್ವಾ? ಬಹಳ ಸಂತೋಷ ಕಣ್ರೀ! ಊರು ಅಂದ್ರೆ ಹೀಗಿರಬೇಕು." ಹಣ, ಡಾಕ್ಟರು, ಆಪರೇಶನ್ನು ಎಲ್ಲವೂ ಭಾಲ್ಕಿಗೆ ಎಂದು ಬರೆದರು. ತಕರಾರಿದ್ದರೆ ಹತ್ತು ದಿನದೊಳಗೆ ತಿಳಿಸತಕ್ಕದ್ದು ಎಂದು ಕೆಳಗೆ ಒಂದು ಸಾಲು. ಒಳ್ಳೆಯ ಊರಿನಿಂದ ತಕರಾರು ಯಾಕೆ ಬರುತ್ತದೆ?

ಗೋರಖನಾಥ ಎದೆ ಉಬ್ಬಿಸಿಕೊಂಡು ಬಂದು ಈ ಸಂತೋಷವನ್ನು ಮನೆಯಲ್ಲಿ ಹಂಚಿದ.

"ಹಂಗಾದರ ಕಣ್ಣಿನ ಡಾಕ್ಟರ್ ಇಲ್ಲಿ ಬರಂಗಿಲ್ಲೇನು?" ಸುಭದ್ರಾಬಾಯಿ ಕೇಳಿದಳು.

"ಇಲ್ಲಿ ಯಾರಿಗಿ ಬರಬೇಕು ಅತ್ತಿ? ಪಟ್ಟಿ ಒಳಗ ಯಾರೂ ಇಲ್ಲಲ್ಲ."

"ಭಾಡ್ಯಾ!" ಎಂದಳು ಆಕೆ. ತಾಟು ಸರಿಸಿ ಎದ್ದಳು. "ಕಾಲರಾ ಬಂದಾಗ ಸುದ್ದಾ ಊರಾಗ ನಾಕು ಮುದುಕರು ಉಳದಿದ್ದರು. ನೀ ಒಂದು ಪೆನ್ನಿನಾಗ ಎಲ್ಲಾರನ್ನೂ ಮುಗಿಸಿದಿ!"

ಗೋರಖನಾಥ ಪಿಳಿಪಿಳಿ ನೋಡಿದ. ಯಾವ ತಪ್ಪಿಗೆ ಬೈಗುಳ ಎಂದು ಅವನಿಗೆ ತಿಳಿಯಲಿಲ್ಲ. ಸುಭದ್ರಾಬಾಯಿಯೂ ಬಿಡಿಸಿ ಹೇಳಲಿಲ್ಲ. ಅವನಿಗಿಂತ ಹೆಚ್ಚು ಸಿಟ್ಟು ಆಕೆಗೆ ತನ್ನ ಮೇಲೇ ಬಂದಿತ್ತು. ದುಂಡಗೆ ಬರಿ ಎಂದು ನಕ್ಕವಳು ಯಾರು?

ಮಾರನೆಯ ಬೆಳಿಗ್ಗೆ, ಅಂಜನಾಬಾಯಿಗೆ ಹಳೆಯ ಗೆಳತಿಯನ್ನು ನೋಡಿ ಬರುತ್ತೇನೆಂದು ಹೇಳಿ, ಸುಭದ್ರಾಬಾಯಿ ಕಂಡಕ್ಟರನ ಕೈ ಹಿಡಿದು ಭಾಲ್ಕಿಯ ಬಸ್ಸು ಹತ್ತಿದಳು. ಇನ್ನೂರ ಹನ್ನೆರಡು ಜನ ಎಲ್ಲಿಂದ ಬಂದರು ಎಂಬುದು ಆಕೆಗೆ ತಿಳಿಯಲೇಬೇಕಿತ್ತು.

ಭಾಲ್ಕಿಯ ಎಣಿಕೆ ಮಾಡಿದವನು ಮಹಮ್ಮದ ಇಸ್ಮಾಯಿಲ. ನಿಜಾಮನ ಕಾಲದಲ್ಲಿ ಗಿರ್ದಾವರನಾಗಿ ಊರೂರು ಅಲೆದು ಕಂದಾಯ ನೋಡಿದವನು, ನಾಳೆಯೋ ನಾಡಿದ್ದೋ ರಿಟೈರಾಗುವವನು. ಕಚೇರಿಯ ಬೇವಿನ ಮರದ ಕೆಳಗೆ ಕೂತು ಪಾನ್ ಜಗಿಯುತ್ತಿದ್ದ. ಸುಭದ್ರಾಬಾಯಿ ನಮಸ್ಕಾರ ಗಿಮಸ್ಕಾರ ಏನೂ ಇಲ್ಲದೆ ಶುರು ಮಾಡಿದಳು.

"ಸಾಬರ, ನಾ ಔರಾದಿನಾಕಿ, ಈ ಊರ ಸೊಸಿ. ನಿಮ್ಮ ಊರಾಗ ಮಕ್ಕಳಿಗಿ ನಾಚಿಕಿ ಇಲ್ಲೇನ್ರಿ? ನಮ್ಮಪ್ಪಗ ಆಸರಿಲ್ಲಂತ ಇನ್ನೂರು ಮಂದಿ ಹ್ಯಾಂಗ ಒಪ್ಪಿದರು?"

ಇಸ್ಮಾಯಿಲ ನಕ್ಕ. "ಮಕ್ಕಳಿಗಿ ಕೇಳಿದವರ್‍ಯಾರು ಬಾಯಿ? ಹಿಂದ ನಮ್ಮ ಸಾಹೇಬರು ಹೊಲದ ಬೆಳಿ ಎಷ್ಟಂತ ಹೊಲದವಗ ಕೇಳಂಗಿದ್ದಿಲ್ಲ. ನೆರಿಹೊಲದವಗ ಕೇಳ್ತಿದ್ದರು. ನಾ ಕಿರಾಣಿ ಅಂಗಡಿಗಿ ಹೋಗಿ ಕೇಳಿದೆ."

"ಏನಂತ?"

"ಮಧ್ಯಾನದಾಗ, ಮನ್ಯಾಗ ಯಾರೂ ಇರಲಾರದಾಗ, ಸೆರಗಿನಾಗ ಇಲ್ಲಾ ಧೋತರದಾಗ ಒಂದ್ ಮುಷ್ಟಿ ಜೋಳ ಕಟಗೊಂಡು ಬಂದು ತಂಬಾಕು ಒಯ್ಯೋ ಮುದುಕರು ಯಾರ್‍ಯಾರು ಅಂತ. ಹೊಟ್ಟಿಗಿ ಎಲ್ಲಾರೂ ಹಾಕ್ತಾರ ಬಾಯಿ. ಆದರ ಎಂಬತ್ತು ವರ್ಷದ ಮನಶಾ ತನ್ನ ಮನ್ಯಾಗ ತಾನ ಕಳವು ಮಾಡ್ಲತ್ತಾನಂದರ, ಅವಗ ಆಸರಿಲ್ಲಂತ ನಾ ಬರಕೊಂಡೆ."

ಸುಭದ್ರಾಬಾಯಿಯ ಕೈ ತಾನಾಗಿಯೇ ಸೆರಗಿನ ತುದಿಯ ಗಂಟಿಗೆ ಹೋಯಿತು. ನಿನ್ನೆ ಮಧ್ಯಾಹ್ನ ಆ ಗಂಟಿನಲ್ಲಿ ಗೋರಖನಾಥನ ಮನೆಯ ಜೋಳವಿತ್ತು. ಎರಡು ವರ್ಷದಿಂದ ಎರಡು ದಿನಕ್ಕೊಮ್ಮೆ, ಅವನು ಕಚೇರಿಗೆ ಹೋದ ಮೇಲೆ, ಅಂಜನಾಬಾಯಿ ನೀರಿಗೆ ಹೋದ ಹೊತ್ತು ನೋಡಿ, ತಂಬಾಕಿಗೆ ಕುತುಬೋದ್ದೀನನ ಕಿರಾಣಿ ಅಂಗಡಿಗೆ. ಔರಾದಿನಲ್ಲಿ ತಾನೊಬ್ಬಳೇ ಕಳ್ಳಿ ಎಂದುಕೊಂಡಿದ್ದಳು ಪಾಪ.

"ಖರೇ ಹೇಳ್ರಿ, ನಿಮಗ ಕಣ್ಣ ಕಾಣಂಗಿಲ್ಲ, ಹೌದಲ್ಲ?" ಇಸ್ಮಾಯಿಲ ಮೆಲ್ಲಗೆ ಕೇಳಿದ. "ನೀವು ಈ ಊರ ಸೊಸಿ ಅಂದಿರಿ. ಹಂಗಾದರ ಭಾಲ್ಕಿ ಪಟ್ಟಿ ಒಳಗ ನಿಮ್ಮ ಹೆಸರೂ ಬರೀತೇನಿ. ಇನ್ನೂರ ಹದಿಮೂರು. ಮುಂದಿನ ತಿಂಗಳ ಡಾಕ್ಟರ್ ಬರ್ತಾರ."

ಕಣ್ಣು ಬೇಕಾಗಿತ್ತು. ಸುಳ್ಳೇಕೆ, ಅನ್ನಕ್ಕಿಂತ ಹೆಚ್ಚಾಗಿ ಬೇಕಾಗಿತ್ತು. ಗಂಡ ಬಿಟ್ಟು ಹೋದ ಈ ಹಾಳು ಊರಿನಿಂದ ಬರಬೇಕಾದ ಬಾಕಿಯೂ ಬಂದಂತಾಗುತ್ತಿತ್ತು. "ಬರೀರಿ" ಎಂದಳು. ಇಸ್ಮಾಯಿಲ ಪೆನ್ನಿನ ಟೋಪಿ ತೆಗೆದ.

"ತಡೀರಿ" ಎಂದಳು. ಪಂಢರಿಯ ಖಾಲಿ ಡಬ್ಬಿಯ ಸದ್ದು ಕಿವಿಯಲ್ಲಿತ್ತು. "ಪಂಢರಿಗಿ ಭಾಲ್ಕ್ಯಾಗ ಹೆಣ್ಣು ಕೊಟ್ಟವರಿಲ್ಲ. ಅವಾ ಯಾವ ಪಟ್ಟ್ಯಾಗ ಹೋಗಬೇಕು? ಬ್ಯಾಡ್ರಿ. ಸೊನ್ನಿ ನಮ್ಮ ಮನ್ಯಾಗ ಹುಟ್ಟಿದ್ದು. ಅಲ್ಲೇ ಹೋಗಿ ಅಳಸ್ತೇನಿ." ಇಷ್ಟು ಹೇಳಿ, ಇಂಥ ದೊಡ್ಡ ಮಾತು ತನ್ನ ಬಾಯಿಂದ ಬಂತಲ್ಲ ಎಂದು ತನ್ನನ್ನೇ ಬೈದುಕೊಳ್ಳುತ್ತ ಬಸ್ಸಿಗೆ ನಡೆದಳು. ಮರಳಿ ಹೋಗಿ ಬರೆಸಲೇ ಎಂದು ಎರಡು ಸಲ ಅನಿಸಿತು.

ಆ ಸಂಜೆ ಗೋರಖನಾಥನಿಗೆ ಆಕೆ ಇಸ್ಮಾಯಿಲ ಎಣಿಸಿದ ಬಗೆಯನ್ನು ಹೇಳಿದಳು. ಅವನು ಬಿದ್ದು ಬಿದ್ದು ನಕ್ಕ. "ನಮ್ಮ ಊರಾಗ ಹಂಗ ಯಾರೂ ಮಾಡಂಗಿಲ್ಲ, ಅತ್ತಿ."

"ನಡೀ, ನೋಡೂಣು" ಎಂದಳು. ಈ ಹುಡುಗ ಎಂದಾದರೂ ಒಂದು ಮಾತು ಕೆಟ್ಟದಾಗಿ ಆಡಿದ್ದಿದ್ದರೆ ಇಷ್ಟು ಕಷ್ಟವಿರಲಿಲ್ಲ. ಊರೆದುರು ಇವನ ಮುಖ ಸಣ್ಣದಾಗುತ್ತದೆ, ಅದನ್ನು ಮಾಡುತ್ತಿರುವವಳು ನಾನು.

ಕುತುಬೋದ್ದೀನನ ಅಂಗಡಿ ಬಾಗಿಲು ಹಾಕುವ ಹೊತ್ತು. ವಿಷಯ ಕೇಳಿ ಅವನು ಖಡಾಖಂಡಿತ ತಲೆ ಅಲ್ಲಾಡಿಸಿದ. "ಗ್ರಾಮಸೇವಕರ, ನಿಮ್ಮ ಸರ್ಕಾರ ದೊಡ್ಡದು. ಆದರ ನಾ ಮುದುಕರಿಗಿ ಜಬಾನ ಕೊಟ್ಟೀನಿ. ಹೆಸರ ಹೇಳಂಗಿಲ್ಲ."

"ಅಂದರ, ಬರ್ತಾರ?" ಗೋರಖನಾಥನ ನಗು ನಿಂತಿತು.

ಕುತುಬೋದ್ದೀನ ತಕ್ಕಡಿಯ ತಟ್ಟೆ ಒರೆಸತೊಡಗಿದ.

"ಜೋಳ ಎಲ್ಲಿ ಇಡ್ತಿ?" ಸುಭದ್ರಾಬಾಯಿ ಕೇಳಿದಳು.

"ಒಬ್ಬೊಬ್ಬರದು ಒಂದೊಂದು ಗಡಿಗ್ಯಾಗ. ಸಂತಿ ದಿನ ಅಳತಿ ಮಾಡಿ ಹೆಚ್ಚಾಗಿದ್ದರ ಚಾಪುಡಿನೂ ಕೊಡ್ತೇನಿ."

"ಗಡಿಗಿಗಿ ಜಬಾನ ಕೊಟ್ಟೀಯೇನು?"

ಕುತುಬೋದ್ದೀನ ಗಡ್ಡ ಕೆರೆದುಕೊಂಡು ಯೋಚಿಸಿದ. "ಗಡಿಗಿಗಿ ಕೊಟ್ಟಿಲ್ಲ" ಎಂದ. ದುಡ್ಡಿನ ಗಲ್ಲೆಯ ಕೆಳಗಿನ ಹಲಗೆ ಸರಿಸಿದ. ಅಂಗೈ ಅಗಲದ ಮಣ್ಣಿನ ಗಡಿಗೆಗಳು ಸಾಲಾಗಿ ಕೂತಿದ್ದವು, ಇಪ್ಪತ್ತಮೂರು.

ಸುಭದ್ರಾಬಾಯಿ ನೆಲಕ್ಕೆ ಕೂತು ಮೊದಲ ಗಡಿಗೆಗೆ ಬೆರಳಿಟ್ಟಳು. ಗಂಜಿನಲ್ಲಿ ಮಲ್ಲಿಕಾರ್ಜುನಪ್ಪನ ಎದುರು ಕೂತ ಹಾಗೆ ಬೆನ್ನು ನೆಟ್ಟಗಾಯಿತು. "ಸಣ್ಣ ಕಾಳು, ಮೂತಿ ಕೆಂಪಂದು ಇರಬೇಕು ನೋಡು. ಕಲ್ಲು ಹೊಲದ್ದು. ನರಸಿಂಗನ ಮನಿದು. ಬರಿ, ಪಂಢರಿ."

ಗೋರಖನಾಥನ ಪೆನ್ನು ಏಳಲಿಲ್ಲ. "ಬರಿಯೋ!" ಎಂದು ಗದರಿದ ಮೇಲೆ ಎದ್ದಿತು.

"ಇದಕ ಬೇವಿನ ಎಲಿ ನಾತ ಅದ. ಬೇವು ಹಾಕಿ ಜೋಳ ಇಡಾಕಿ ಓಣ್ಯಾಗ ಒಬ್ಬಾಕಿನೇ. ಭಾಗೀರಥಿಬಾಯಿ. ಮಗ ಕಂಟ್ರಾಕ್ಟರ್, ಮಾಳಿಗಿ ಮನಿ ಕಟ್ಟಿಸ್ಯಾನ. ಅವ್ವ ಮುಷ್ಟಿ ಜೋಳ ತರ್ಲತ್ತಾಳ. ಬರಿ." ಮುಂದಿನದರಲ್ಲಿ ಅರ್ಧ ಕಾಳು ಹುಳು ತಿಂದದ್ದು: "ಇವರ ಮನ್ಯಾಗ ಜೋಳಕಿಂತಾ ಹುಳಾನೇ ಸುಖದಾಗ ಅವ."

ಹೀಗೆ ಇಪ್ಪತ್ತೆರಡು. ಕುತುಬೋದ್ದೀನ ಬಾಯಿ ಬಿಡಲಿಲ್ಲ, ಆದರೆ ಪ್ರತಿ ಹೆಸರಿಗೂ ಅವನ ಹುಬ್ಬು ಮೇಲೇರುತ್ತಿತ್ತು. ಗೋರಖನಾಥನ ಕೈ ಈಗ ತಡೆಯಿಲ್ಲದೆ ಬರೆಯುತ್ತಿತ್ತು. ಪ್ರತಿ ಹೆಸರಿನ ಮನೆಯಲ್ಲೂ ಅವನು ಚಹಾ ಕುಡಿದಿದ್ದ.

ಕೊನೆಯದೊಂದು ಉಳಿಯಿತು. ಸುಭದ್ರಾಬಾಯಿ ಅದನ್ನು ಮುಟ್ಟದೆ ಸೆರಗಿಗೆ ಬೆರಳು ಒರೆಸಿಕೊಂಡಳು.

"ಇದು ಯಾರದು ಅತ್ತಿ?"

"ಇದು ಮುಟ್ಟಲಾರದನ ಗೊತ್ತು" ಎಂದು ಆಕೆ ಗತ್ತಿನಿಂದ ಕೈ ಹಾಕಿದಳು. ಕಳ್ಳತನ ಒಪ್ಪಿಕೊಳ್ಳುವುದೇ ಆದರೆ ಒಳ್ಳೆಯ ಮಾಲು ಕದ್ದದ್ದೆಂದಾದರೂ ಹೇಳಬೇಕಲ್ಲ. "ದಪ್ಪ ಕಾಳು, ಹಸನ ಮಾಡಿದಾಕಿ ಗಂಜಿನಾಕಿ. ಹುಡುಕಿದರ ಒಂದ್ ಹರಳ ಸಿಗಂಗಿಲ್ಲ..."

ಬೆರಳಿಗೆ ಹರಳು ಸಿಕ್ಕಿತು.

ಅದನ್ನು ಹೊರಗಿಟ್ಟು ಮತ್ತೆ ಕೈ ಹಾಕಿದಳು. ಇನ್ನೊಂದು. ಆಮೇಲೆ ಎರಡು ಒಟ್ಟಿಗೆ. ಇಷ್ಟೇ ಇಷ್ಟು ಗಡಿಗೆಯಲ್ಲಿ ಏಳು ಹರಳು. ಗಡಿಗೆಯ ಕಾಳು ಬೆರಳಿಗೆ ಹೇಳುತ್ತದೆ, ಮೊರದ ತುಂಬ ಕೇರುವಾಗ ಕಣ್ಣೇ ಬೇಕು. ಎರಡು ವರ್ಷ ಮನೆಯ ಜೋಳವನ್ನೆಲ್ಲ ಹಸನು ಮಾಡಿದವಳು ಆಕೆಯೇ. ಬೀಸಿದ ಮೇಲೆ ಆ ಹರಳು ಹಿಟ್ಟಿನಲ್ಲಿ, ಹಿಟ್ಟು ರೊಟ್ಟಿಯಲ್ಲಿ. ಹಲ್ಲಿಲ್ಲದ ತನ್ನ ಬಾಯಿಗೆ ತಿಳಿದಿರಲಿಲ್ಲ.

"ಗೋರಖ್ಯಾ" ಎಂದಳು. ದನಿ ಸಣ್ಣದಾಗಿತ್ತು. "ಇದು ನಂದು. ನಾ ಕಳವು ಮಾಡಿದ್ದು. ಆದರ ಇದನ್ನ ನೀವು ತಿನ್ಲತ್ತೀರೇನು? ಎರಡು ವರ್ಷದಿಂದ? ಕೂಸುಗಳು ಸುದ್ದಾ?"

ಗೋರಖನಾಥ ಗಡಿಗೆಯನ್ನು ನೋಡಿದ, ಅತ್ತೆಯ ಮುಖ ನೋಡಿದ. ಅವನಿಗೆ ಏಕಕಾಲಕ್ಕೆ ಎರಡು ವಿಷಯ ತಿಳಿದವು: ಅತ್ತೆ ತಂಬಾಕಿಗಾಗಿ ಮನೆಯಲ್ಲೇ ಕದಿಯುತ್ತಿದ್ದಳು, ಅತ್ತೆಗೆ ಕಣ್ಣು ಕಾಣುತ್ತಿರಲಿಲ್ಲ.

"ನಮ್ಮ ಹಲ್ಲ ಗಟ್ಟಿ ಅವ, ಅತ್ತಿ" ಎಂದ.

"ನನಗ್ಯಾಕ ಹೇಳಲಿಲ್ಲೋ, ಮೂಳ?"

"ಹ್ಯಾಂಗ ಹೇಳಲಿ? ನೀ ಮರ ಬಿಟ್ಟು ಕೂಡ್ತಿದ್ದಿ. ನೀ ಯಾಕ ತಂಬಾಕು ಕೇಳಲಿಲ್ಲ?" ಅವನು ಅಳುತ್ತಿದ್ದ, ಎರಡು ಪೆನ್ನಿನ ಗ್ರಾಮಸೇವಕ. "ನಾಳಿಂದ ನಾನ ತರ್ತೇನಿ. ಕಟ್ಟುಗಟ್ಟಲೆ ತರ್ತೇನಿ. ಈ ಗಡಿಗಿ ಬಿಡು. ನಿನ್ನ ಹೆಸರ ಬರಿಯೋದು ಬ್ಯಾಡ."

"ನಾಳಿ ತರ್ತಿ. ನಾಡದ ತರ್ತಿ" ಎಂದಳು ಸುಭದ್ರಾಬಾಯಿ. "ನಾಕನೇ ದಿನ ನೆನಪ ಹೋಗ್ತದ, ನಾ ಕೇಳಬೇಕಾಗ್ತದ. ಮೂವತ್ತು ವರ್ಷ ದುಡದಾಕಿ ನಾ. ನೀ ಹಾಕಿದ ರೊಟ್ಟಿ ಖುಷಿಲೆ ತಿಂತೇನಿ. ಕೇಳೋದು ಮಾತ್ರ ನನ್ನ ಕೈಲಿ ಆಗಂಗಿಲ್ಲ. ಅದಕ್ಕ ಸರ್ಕಾರ ಬೇಕು. ಸರ್ಕಾರಕ ನಾ ಬೈದು ಕೇಳ್ತೇನಿ. ಎರಡೂ ಕಣ್ಣಿಗಿ ಮೋತಿಬಿಂದು ಅದ, ಅದನೂ ಸೇರಿಸಿ ಬರಿ."

ಅವನು ಬರೆದ. ಇಪ್ಪತ್ತಮೂರನೆಯ ಹೆಸರು ಸುಭದ್ರಾಬಾಯಿ, ಮನೆಯ ಯಜಮಾನ ಗೋರಖನಾಥ, ಕಣ್ಣು ಎರಡೂ ಮೋತಿಬಿಂದು.

ಮರುದಿನದಿಂದ ಉಳಿದ ನಾಲ್ಕು ಅಂಗಡಿಗಳ ಗಡಿಗೆ, ಡಬ್ಬಿಗಳೂ ಮಾತಾಡಿದವು. ಮುದುಕರನ್ನು ಒಬ್ಬೊಬ್ಬರನ್ನೇ ಕಟ್ಟೆಗೆ ಕರೆದು ಹೆಬ್ಬೆಟ್ಟು ಒತ್ತಿಸಿಕೊಂಡರು. ಮಕ್ಕಳು ಕೇಳಿದರೆ ಸರ್ಕಾರಕ್ಕೆ ಹೇಗೋ ಗೊತ್ತಾಗಿದೆ ಎನ್ನಬೇಕೆಂದು ಸುಭದ್ರಾಬಾಯಿಯ ಕಟ್ಟಪ್ಪಣೆಯಾಗಿತ್ತು. ಒಂಬತ್ತನೆಯ ದಿನ ಗೋರಖನಾಥ ಎಂಬತ್ತೊಂದು ಹೆಸರಿನ ಪಟ್ಟಿ ಹಿಡಿದು ಬೀದರಿನಲ್ಲಿ ನಿಂತ. ಸಾಹೇಬರು ಕನ್ನಡಕ ತೆಗೆದು ಒರೆಸಿದರು.

"ಏನ್ರೀ, ಹೋದ ವಾರ ಒಬ್ಬರೂ ಇರಲಿಲ್ಲ. ಒಂದು ವಾರದಲ್ಲಿ ಎಂಬತ್ತೊಂದು ಜನ ಮುದುಕರಾಗಿಬಿಟ್ಟರಾ?"

"ಹೋದ ಸಲ ಮಕ್ಕಳಿಗಿ ಕೇಳಿದ್ದೆರಿ, ಸಾಹೇಬ್ರ" ಎಂದ ಗೋರಖನಾಥ. "ನನಗ ನಾನೂ ಕೇಳಕೊಂಡಿದ್ದೆ."

ಸಾಹೇಬರು ಕನ್ನಡಕ ಏರಿಸಿಕೊಂಡು ರುಜು ಹಾಕಿದರು.

ಮೂರು ತಿಂಗಳ ಮೇಲೆ ಡಾಕ್ಟರು ಔರಾದಿನ ಶಾಲೆಯಲ್ಲೇ ಹದಿನಾರು ಜನರ ಕಣ್ಣು ತೆಗೆದು ತೊಳೆದು ಕೂರಿಸಿದರು ಎಂದು ಊರು ಮಾತಾಡಿಕೊಂಡಿತು. ಪಟ್ಟಿ ಬಿಚ್ಚಿದ ದಿನ ಸೋಡಾ ಬಾಟಲಿಯ ತಳದಂಥ ಕನ್ನಡಕ ಏರಿಸಿಕೊಂಡ ಸುಭದ್ರಾಬಾಯಿ ಮೊದಲು ಗೋರಖನಾಥನನ್ನು ನೋಡಿ, ಯಾಕಿಷ್ಟು ಸೊರಗಿದ್ದೀಯೆಂದು ಬೈದಳು. ಆಮೇಲೆ ಮೊರ ತರಿಸಿ ಕಣಜದ ಜೋಳ ಸುರಿದುಕೊಂಡು ಕೂತಳು. ಸಿಕ್ಕ ಹರಳನ್ನೆಲ್ಲ ಹೊಸ್ತಿಲ ಮೇಲೆ ಒಂದೊಂದಾಗಿ ಇಟ್ಟಳು. ನಲವತ್ತಾದವು. ಅಂಜನಾಬಾಯಿಯನ್ನು, ಮಕ್ಕಳನ್ನು, ಗೋರಖನಾಥನನ್ನು ಎದುರಿಗೆ ಸಾಲಾಗಿ ಕೂರಿಸಿ, ಎರಡು ವರ್ಷ ಇದನ್ನು ನುಂಗಿ ಸುಮ್ಮನಿದ್ದದ್ದಕ್ಕೆ ಹೊತ್ತು ಮುಳುಗುವವರೆಗೆ ಬೈದಳು. ಯಾರೂ ಎದ್ದು ಹೋಗಲಿಲ್ಲ.